ತೋಟಪ್ಪನ ಕಾರಿಗೆ ಬೇರೆ ಡಿಫರೆನ್ಷಿಯಲ್

ಬಾಳ್ಳುಪೇಟೆಯ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಏಕಾಂತಯ್ಯನವರು ಮೂವತ್ತೊಂದು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದಾರೆ. ಕಂಪ್ಯೂಟರ್ ಇರುವ ಹೊಸ ಕಾರುಗಳನ್ನು ಮುಟ್ಟುವುದಿಲ್ಲ. ಎಸ್ಟೇಟುಗಳ ಹಳೇ ಜೀಪು, ಅಂಬಾಸಿಡರು ಬಂದರೆ ಮಾತ್ರ ಎದ್ದು ಬರುತ್ತಾರೆ. ಮಾತು ಕಮ್ಮಿ.

ಅವರನ್ನು ಮಾತಿಗೆ ಎಳೆಯುತ್ತಿದ್ದವರು ತೋಟಪ್ಪ ಒಬ್ಬರೇ. ಹೊಂಗಡಹಳ್ಳದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಧಣಿಗಳು ಸ್ಟೋರಿನ ಹಿಂದೆ ನಿಲ್ಲಿಸಿ ಮರೆತಿದ್ದ ಹಳೇ ಅಂಬಾಸಿಡರನ್ನು, ನಿವೃತ್ತಿಯಾಗುವಾಗ ಕೇಳಿ ತೆಗೆದುಕೊಂಡರು. ಅದರ ಎಂಜಿನ್ ತುಕ್ಕು ಹಿಡಿದು ಕೂತಿತ್ತು. ಗುಜರಿಗೆ ಬಂದಿದ್ದ ಪಿಕಪ್ ಒಂದರ ದೊಡ್ಡ ಡೀಸೆಲ್ ಎಂಜಿನ್ ಹುಡುಕಿ ತಂದು, ಇದನ್ನೇ ಕೂರಿಸು ಅಂದರು. ಏಕಾಂತಯ್ಯ ಎರಡು ತಿಂಗಳು ಕೂತು ಕೂರಿಸಿದರು. ಸ್ಟಾರ್ಟ್ ಮಾಡಿದ ದಿನ ತೋಟಪ್ಪ ಶೆಡ್ಡಿನ ಮುಂದೆ ಚಪ್ಪಾಳೆ ತಟ್ಟಿದ್ದರಂತೆ.

"ಎಂಜಿನ್ ಏನೋ ಕೂತ್ಕಂತು. ಹಿಂದಿನ ಡಿಫರೆನ್ಷಿಯಲ್ ಹಂಗೇ ಐತೆ ಕಣೋ," ಅಂದರು ಏಕಾಂತಯ್ಯ. ಎಂಜಿನ್ನಿನ ಎಳೆತವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಹಲ್ಲುಚಕ್ರಗಳ ಗುಂಡನೆ ಪೆಟ್ಟಿಗೆ ಅದು. "ಹಳೇ ಸಣ್ಣ ಎಂಜಿನ್ನಿಗೆ ಅದು ಜನ್ಮಪೂರ್ತಿ ಬರೋದು. ಈ ಎಳೆತಕ್ಕೆ ತಡೆಯಲ್ಲ. ದೊಡ್ಡದು ಹಾಕ್ಬೇಕು."

"ಎಷ್ಟು ದಿನ ಹಿಡೀತದೆ?"

"ಒಂದು ತಿಂಗಳಾದ್ರೂ ಬೇಕು."

"ಅಯ್ಯೋ ಮಾರಾಯ, ಇನ್ನೊಂದು ತಿಂಗಳು ಕಾಯಕ್ಕಾಗಲ್ಲ. ಮಳೆಗಾಲ ಮುಗಿದ ಮೇಲೆ ತಂದು ಬಿಡ್ತೀನಿ. ಮೆಲ್ಲಗೆ ಓಡಿಸ್ತೀನಿ ಬುಡು."

ಏಕಾಂತಯ್ಯ ಮೊಳೆಗೆ ನೇತುಹಾಕಿದ್ದ ಕೀ ತೆಗೆದು ಕೊಟ್ಟರು.

ಹದಿನೇಳನೇ ದಿನ, ಬಿಸಿಲೆ ಕಡೆಯಿಂದ ಇಳಿದು ಬರುವ ತಿರುವಿನಲ್ಲಿ, ಡಿಫರೆನ್ಷಿಯಲ್ಲಿನ ಒಂದು ಹಲ್ಲು ಮುರಿದು ಇನ್ನೆರಡರ ನಡುವೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಎರಡೂ ಒಮ್ಮೆಗೇ ಕಚ್ಚಿ ನಿಂತವು. ರಸ್ತೆ ಒದ್ದೆಯಾಗಿತ್ತು. ಕಾರು ಗಿರ್ರನೆ ತಿರುಗಿ ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ಕಾರಿನಲ್ಲಿ ತೋಟಪ್ಪ ಒಬ್ಬರೇ ಇದ್ದರು. ಸಕಲೇಶಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಪೊಲೀಸರು ಮಳೆ, ವೇಗ ಅಂತ ಬರೆದುಕೊಂಡರು. ಏಕಾಂತಯ್ಯನನ್ನು ಯಾರೂ ಏನೂ ಕೇಳಲಿಲ್ಲ. ಅವರು ಹೋಗಿ ಮಣ್ಣು ಹಾಕಿ ಬಂದರು, ಮರುದಿನ ಎಂದಿನಂತೆ ಶೆಡ್ಡಿನ ಬಾಗಿಲು ತೆಗೆದರು. ಅಳು ಬರಲಿಲ್ಲ. ಬರುತ್ತದೆ ಅಂತ ಕೆಲವು ದಿನ ಕಾದರು, ಆಮೇಲೆ ಕಾಯುವುದನ್ನೂ ಬಿಟ್ಟರು.

"ಸಾರಿಗೆ ಉಪ್ಪು ಹಾಕೋದೇ ಮರ್ತಿದೀನಿ. ಸುಮ್ನೆ ಉಣ್ತಾ ಇದೀರಲ್ರೀ!" ಅಂದರು ಒಂದು ದಿನ ಹೆಂಡತಿ ವಿಶಾಲಮ್ಮ.

"ಹೌದಾ," ಅಂದು ಏಕಾಂತಯ್ಯ ಮತ್ತೊಂದು ಸೌಟು ಬಡಿಸಿಕೊಂಡರು. ಇನ್ನೊಂದು ದಿನ ಕಾದ ಸೈಲೆನ್ಸರಿಗೆ ಮೊಣಕೈ ತಗುಲಿ ಚರ್ಮ ಸುಲಿಯಿತು. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿ, ಬಟ್ಟೆ ಸುತ್ತಿ, ಕೆಲಸ ಮುಂದುವರಿಸಿದರು.

ನಾಲ್ಕು ತಿಂಗಳಾದ ಮೇಲೆ ಶೆಡ್ಡಿನ ಮುಂದೆ ಒಂದು ಲಾರಿ ನಿಂತಿತು. ಮೇಲೆ ಅದೇ ಅಂಬಾಸಿಡರು, ಬಲಗಡೆ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು. ಡ್ರೈವರ್ ಪಕ್ಕದಿಂದ ಇಳಿದವರು ತೋಟಪ್ಪನ ಹೆಂಡತಿ ಪುಷ್ಪಾ.

"ಗುಜರಿಯವರು ಕೇಳಿದ್ರು, ಕೊಡಲಿಲ್ಲ. ಇದನ್ನ ಸರಿ ಮಾಡ್ಕೊಡಿ ಏಕಾಂತಣ್ಣ. ನಾನು ಓಡಿಸ್ತೀನಿ."

"ನೀವಾ?"

"ತೋಟದ ಜೀಪು ಓಡಿಸ್ತಿರ್ಲಿಲ್ವಾ? ಲೈಸೆನ್ಸೂ ಐತೆ."

"ಬೇರೆ ಯಾರ ಹತ್ರನಾದ್ರೂ ಮಾಡಿಸಿ, ಪುಷ್ಪಮ್ಮ."

"ಬೇರೆಯೋರಿಗೆ ಇದರೊಳಗೆ ಏನೈತೆ ಅಂತ ಹೆಂಗೆ ಗೊತ್ತಾಯ್ತದೆ?"

ಏಕಾಂತಯ್ಯ ಕಾರನ್ನು ಶೆಡ್ಡಿನೊಳಕ್ಕೆ ಇಳಿಸಿಕೊಂಡರು. ಮರುದಿನವೇ ಶುರು ಮಾಡಿದರು. ಪಿಕಪ್ಪಿನದೇ ಗಟ್ಟಿ ಹಿಂದಿನ ಆಕ್ಸಲ್ಲನ್ನು ದೊಡ್ಡ ಡಿಫರೆನ್ಷಿಯಲ್ ಸಮೇತ ತರಿಸಿದರು. ಕಾರಿಗೆ ಅದು ಅಗಲವಾಯಿತು. ಎರಡೂ ಕಡೆ ಕೊಯ್ದು, ಗಿಡ್ಡ ಮಾಡಿ, ಮತ್ತೆ ಬೆಸುಗೆ ಹಾಕಿದರು. ಒಳಗಿನ ಶಾಫ್ಟುಗಳನ್ನು ಹಾಸನದ ಲೇತ್ ಅಂಗಡಿಗೆ ತಾವೇ ಹೊತ್ತುಕೊಂಡು ಹೋಗಿ, ಎದುರಿಗೇ ನಿಂತು ಕಡೆಸಿಕೊಂಡು ಬಂದರು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆ ಪ್ರೊಪೆಲ್ಲರ್ ಶಾಫ್ಟನ್ನೂ ಅಳತೆಗೆ ಕತ್ತರಿಸಿದರು. ಬ್ರೇಕು ಪೂರ್ತಿ ಹೊಸದು.

ಕೊನೆಗೆ ಉಳಿದದ್ದು ಹಲ್ಲು ಕೂರಿಸುವ ಕೆಲಸ. ದೊಡ್ಡ ಚಕ್ರದ ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆ ನೋಡಬೇಕು. ಹಲ್ಲಿನ ತುದಿಗೆ ಬಿದ್ದರೆ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ತಗಡಿನ ಬಿಲ್ಲೆ ಇಟ್ಟು, ಮತ್ತೆ ತಿರುಗಿಸಬೇಕು. ಏಕಾಂತಯ್ಯ ಅದನ್ನು ಇಪ್ಪತ್ತು ಸಲ ಬಿಚ್ಚಿ ಕಟ್ಟಿದರು. ಆ ದಿನ ಪುಷ್ಪಾ ಬಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

"ಹಳೇದು ತಡೆಯಲ್ಲ ಅಂತ ನಂಗೆ ಗೊತ್ತಿತ್ತು," ಅಂದರು ಏಕಾಂತಯ್ಯ, ತಲೆ ಎತ್ತದೆ. "ತೋಟಪ್ಪಂಗೆ ಹೇಳಿದ್ದೆ."

"ಅವರೂ ನಂಗೆ ಹೇಳಿದ್ರು. ಏಕಾಂತ ಸುಮ್ನೆ ಹೆದರಿಸ್ತಾನೆ ಅಂತ ನಗಾಡಿದ್ರು. ನಾನೂ ನಗಾಡ್ದೆ."

"ಕೀ ಕೊಟ್ಟೋನು ನಾನು."

"ಹೂಂ. ನೀವೇ ಕೊಟ್ಟಿದ್ದು," ಅಂದರು ಪುಷ್ಪಾ. ಸಿಟ್ಟಿನಿಂದ ಅಲ್ಲ, ಸಮಾಧಾನ ಹೇಳುವ ಹಾಗೂ ಅಲ್ಲ. ಏಕಾಂತಯ್ಯ ತಲೆಯಾಡಿಸಿ ಇನ್ನೊಂದು ಸಲ ನೀಲಿ ಹಚ್ಚಿದರು. ಈ ಸಲ ಗುರುತು ಹಲ್ಲಿನ ನಡುಮಧ್ಯಕ್ಕೆ ಬಿತ್ತು.

ಕಾರು ತಯಾರಾದಾಗ ಪುಷ್ಪಾ ಓಡಿಸಿದರು, ಏಕಾಂತಯ್ಯ ಪಕ್ಕದಲ್ಲಿ ಕೂತರು. ಸಕಲೇಶಪುರ ದಾಟಿ ಹೊಂಗಡಹಳ್ಳದ ದಾರಿ ಹಿಡಿದರು. ಅಲ್ಲಿಂದ ಮುಂದಕ್ಕೂ, ಬಿಸಿಲೆ ಕಡೆಗೆ, ಪುಷ್ಪಾ ಕೇಳದೇ ತಿರುಗಿಸಿದರು. ಆ ತಿರುವನ್ನು ಹತ್ತಿದರು, ಮೇಲೆ ಹೋಗಿ ಮತ್ತೆ ಅದರಲ್ಲೇ ಇಳಿದರು. ಮರದ ತೊಗಟೆ ಒಂದು ಕಡೆ ಎದ್ದಿತ್ತು. ಕಾರು ನಿಲ್ಲಿಸಲಿಲ್ಲ. ಏಕಾಂತಯ್ಯ ಹಿಂದಿನಿಂದ ಬರುವ ಶಬ್ದಕ್ಕೆ ಕಿವಿಕೊಟ್ಟು ಕೂತಿದ್ದರು. ಏನಾದರೂ ಅನ್ನಿಸಬಹುದು ಅಂದುಕೊಂಡಿದ್ದರು, ಏನೂ ಅನ್ನಿಸಲಿಲ್ಲ. ಪುಷ್ಪಾ ಅವರ ಮನೆಯಲ್ಲಿ ಕಾಫಿ ಕುಡಿದು ಬಸ್ಸಿನಲ್ಲಿ ಬಾಳ್ಳುಪೇಟೆಗೆ ಬಂದರು.

ಎಂಟುನೂರು ಕಿಲೋಮೀಟರ್ ಓಡಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸಬೇಕು ಅಂತ ಹೇಳಿದ್ದರು. ಒಂದೂವರೆ ತಿಂಗಳಿಗೆ ಪುಷ್ಪಾ ಬಂದರು. ಏಕಾಂತಯ್ಯ ಕಾರಿನ ಕೆಳಗೆ ಮಲಗಿ, ಎಣ್ಣೆಯನ್ನು ಬಾಣಲೆಗೆ ಬಸಿದು, ಈಚೆ ತಂದು, ಎರಡು ಬೆರಳು ಅದ್ದಿ ಉಜ್ಜಿದರು. ಬೆಳಕಿಗೆ ಹಿಡಿದು ಮತ್ತೆ ಉಜ್ಜಿದರು.

"ಏನು ನೋಡ್ತಿದೀರ?"

"ಹಲ್ಲು ಸವೆದು ಕಬ್ಬಿಣದ ಪುಡಿ ಬಂದೈತಾ ಅಂತ."

"ಬಂದೈತಾ?"

"ಇಲ್ಲ. ಒಂದು ಚೂರೂ ಇಲ್ಲ ಕಣವ್ವ," ಅಂದರು. ಅಷ್ಟು ಹೇಳಿ ಬಾಣಲೆ ಕೆಳಗಿಟ್ಟರು. ನೆಲದ ಮೇಲೆ ಕೂತುಬಿಟ್ಟರು. ಅಷ್ಟು ದಿನ ಬಾರದಿದ್ದ ಅಳು ಈಗ ಬಂತು.

ಪುಷ್ಪಾ ಬಾಣಲೆ ತೆಗೆದು ಆಚೆ ಇಟ್ಟರು. ಹೊಸ ಎಣ್ಣೆಯ ಡಬ್ಬಿ, ಪೈಪು ಸಿಕ್ಕಿಸಿದ ಆಲಿಕೆ ಎತ್ತಿಕೊಂಡು, ಸೀರೆ ಸೊಂಟಕ್ಕೆ ಸಿಕ್ಕಿಸಿ ಕಾರಿನ ಹಿಂದೆ ಬಗ್ಗಿದರು.

"ಎಷ್ಟು ಹಾಕ್ಬೇಕು, ಹೇಳಿ."

"ಕೆಳಗಿನ ಬೋಲ್ಟು ಬಿಗೀರಿ ಮೊದ್ಲು. ಆಮೇಲೆ ಪಕ್ಕದ ತೂತಿಂದ ಹಾಕಿ," ಅಂದರು ಏಕಾಂತಯ್ಯ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ. "ಈಚೆಗೆ ತುಳುಕಿದ್ರೆ ಸಾಕು, ನಿಲ್ಸಿ."