ತಪ್ಪಿದ್ದವರು ಮೊದಲು ನಡೆಯಬೇಕು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹಳೆಯ ದಾರಿಯಲ್ಲಿ, ಊರು ದಾಟುತ್ತಿದ್ದಂತೆ, ನಿಜಾಮರ ಕಾಲದ ಕಲ್ಲಿನ ಸೇತುವೆಯಿದೆ. ನಾವು ಹಳೇ ಪೂಲ್ ಎನ್ನುತ್ತೇವೆ. ಹೊಸ ಸೇತುವೆ ಬಂದ ಮೇಲೆ ಅದರ ಮೇಲೆ ಲಾರಿ ಓಡುವುದಿಲ್ಲ. ಜೋಳ ಒಣಗಿಸುವವರು, ಫೋಟೊ ತೆಗೆಸಿಕೊಳ್ಳುವ ಮದುಮಕ್ಕಳು ಬರುತ್ತಾರೆ. ಮಾತು ಬಿಟ್ಟವರೂ ಬರುತ್ತಾರೆ. ಅವರು ಒಬ್ಬರು ಈ ತುದಿ, ಒಬ್ಬರು ಆ ತುದಿ ನಿಲ್ಲಬೇಕು. ತಪ್ಪು ಯಾರದೋ ಅವರು ಮೊದಲು ನಡುವಿನ ಕಲ್ಲಿನ ತನಕ ನಡೆಯಬೇಕು. ಇನ್ನೊಬ್ಬರು ಹೋಗಿ ಬೆಲ್ಲ ತಿನ್ನಿಸಬೇಕು. ಇಷ್ಟು ಸುಲಭದ ರೂಢಿ ಇದ್ದೂ ನಮ್ಮ ಕಡೆ ಜಗಳಗಳೇಕೆ ಮುಗಿಯುವುದಿಲ್ಲ ಎಂಬುದು ತಿಳಿದದ್ದು ನಾನೇ ಅಲ್ಲಿ ನಿಂತಾಗ.

ಎದುರು ತುದಿಯಲ್ಲಿ ನಮ್ಮಣ್ಣ. ಅವನು ಹುಮನಾಬಾದಿನಲ್ಲಿ ಬಟ್ಟೆ ವ್ಯಾಪಾರಿ, ನಾನು ಬಸವಕಲ್ಯಾಣದಲ್ಲಿ ನಿವೃತ್ತ ಮೇಷ್ಟ್ರು. ಆರು ವರ್ಷದಿಂದ ಮಾತಿರಲಿಲ್ಲ. ಕಾರಣ ಘನವಾದದ್ದೇ. ಅಕ್ಕನ ಮಗಳ ಮದುವೆಯಲ್ಲಿ ಸೋದರಮಾವಂದಿರಿಗೆ ಉಡುಗೊರೆ ಮಾಡುವಾಗ ಯಾರೋ ಗಡಿಬಿಡಿಯಲ್ಲಿ ಮೊದಲು ನನ್ನ ತಲೆಗೆ ರುಮಾಲು ಸುತ್ತಿದರು. ಅಣ್ಣ ಊಟ ಬಿಟ್ಟು ಎದ್ದ. ನಾನು ಅದನ್ನು ಬಿಚ್ಚಿ ಅವನಿಗೆ ಕೊಡಬಹುದಿತ್ತು. ನನಗದು ಚೆನ್ನಾಗಿ ಒಪ್ಪುತ್ತಿತ್ತು, ಕೊಡಲಿಲ್ಲ.

ಈಗ ಅಕ್ಕನ ಕಿರಿಮಗನ ಮದುವೆ. "ಇಬ್ರೂ ಮಾವಂದ್ರು ಬರ್ಲಿಲ್ಲಂದ್ರ ನಾ ಅಕ್ಷತಾ ಹಾಕ್ಸಂಗಿಲ್ಲ ನೋಡ್ರಿ," ಎಂದು ಅಕ್ಕ ಹಟ ಹಿಡಿದು, ಘಾಟಬೋರಾಳದಿಂದ ಬಸ್ಸು ಹತ್ತಿ ಬಂದು, ನಮ್ಮಿಬ್ಬರನ್ನೂ ಪೂಲಿಗೆ ಕರೆಸಿದ್ದಳು.

ಬೇಸಿಗೆಯ ಬಿಸಿಲು. ಅಣ್ಣ ಮೊಬೈಲು ನೋಡಿದ. ನಾನು ಕನ್ನಡಕ ಒರೆಸಿದೆ. ಇಬ್ಬರ ಕಿಸೆಯಲ್ಲೂ ಬೆಲ್ಲವಿತ್ತು. ಕ್ಷಮಿಸುವ ಪೂರ್ತಿ ತಯಾರಿಯಲ್ಲೇ ಬಂದಿದ್ದೆವು. ಜೋಳ ಕಾಯುತ್ತಿದ್ದ ಚಾಚಾ ಕೂಗಿದರು: "ಹೋಗ್ರಿ ಮಾಸ್ತರ್ರೇ! ಹ್ವಾದ ವಾರ ಇಬ್ರು ಸಂಜೀತನ ನಿಂತು ಹಂಗೇ ಮನೀಗಿ ಹೋದ್ರು."

"ಹೋಗ್ತೀನ್ರಿ. ಮೊದಲ ಅಂವ ಹೊಂಡ್ಲಿ," ಎಂದೆ.

ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು. ಚಪ್ಪಲಿ ಬಿಟ್ಟು, ತಲೆಗೆ ಸೆರಗು ಹೊದ್ದು, ಕುಂಟುತ್ತ ನಡುವಿನ ಕಲ್ಲಿನ ತನಕ ನಡೆದಳು. ನಮ್ಮಿಬ್ಬರಿಗಿಂತಲೂ ದೊಡ್ಡವಳು ಅವಳು. ಹಬ್ಬಕ್ಕೆ ನಾವು ಕಾಲಿಗೆ ಬೀಳುವವರು. "ತಪ್ಪು ನಂದೇ ಅದ! ಲಗೂನ ಬರ್ರಿ, ಕಾಲು ಸುಡಾಕತ್ತಾವ," ಎಂದು ಕೂಗಿದಳು.

ನನಗೆ ಮೊದಲು ಅನಿಸಿದ್ದು ನಾಚಿಕೆಯಲ್ಲ, ನಿರಾಳ. ಅಣ್ಣನಿಗೂ ಹಾಗೇ ಅನಿಸಿರಬೇಕು, ಅವನ ಹೆಜ್ಜೆಯೂ ನನ್ನಷ್ಟೇ ಚುರುಕಾಗಿತ್ತು. ಇಬ್ಬರೂ ದೊಡ್ಡ ಮನಸ್ಸು ಮಾಡಿ ಅವಳ ಬಾಯಿಗೆ ಬೆಲ್ಲ ಇಟ್ಟೆವು. ಅವಳು ಅಳುತ್ತಲೇ ನುಂಗಿದಳು.

ಮದುವೆ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ಅಣ್ಣ ಬೀಗರಿಗೆ ಹೇಳುತ್ತಿದ್ದ: "ತಪ್ಪು ಅಕ್ಕಂದೇ ಇತ್ರಿ. ಬಂದು ಒಪ್ಕೊಂಡ್ಳು, ನಾವು ಬಿಟ್ಟುಬಿಟ್ವಿ." ಪಕ್ಕದಲ್ಲಿದ್ದ ನಾನು ಹೌದೆಂದು ತಲೆಯಾಡಿಸಿದೆ. ಕತ್ತೆತ್ತಿದರೆ ಎದುರಿಗೇ ಅಕ್ಕ, ಕೈಯಲ್ಲಿ ತುಪ್ಪದ ಪಾತ್ರೆ. ನಮ್ಮಿಬ್ಬರ ಎಲೆಗೂ ಬಡಿಸಿ ಮುಂದೆ ಹೋದಳು. ತುಪ್ಪ ಬಿದ್ದ ಆ ಅನ್ನವನ್ನು ನಾನು ಎಲೆಯ ಅಂಚಿಗೆ ಸರಿಸಿದೆ.