ಜೋಲಿ ಮೇಲೆ ಹೋದ ಬೆಳಿಗ್ಗೆ

ತಂಗಿ ಗಿರಿಜಾ ಹುಟ್ಟಿದ ಆ ಮಳೆಗಾಲದಲ್ಲಿ ಹರಿಹರದ ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ತೂಕ ಏರಿದರೆ ಭಯವಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿ ಕಳಿಸಿದ್ದರು. ಮನೆ ತುಂಬ ಬಜೆಯ ವಾಸನೆ. ಕುಂಟೆಬಿಲ್ಲೆಗೆ ಕರೆಯಲು ಬಂದ ಗೆಳತಿಯರನ್ನು ನಾನೇ ಬಾಗಿಲಲ್ಲಿ ತಡೆದು ಓಣಿಯ ಆ ತುದಿಗೆ ಕರೆದೊಯ್ಯುತ್ತಿದ್ದೆ.

ಅಪ್ಪ ಗುತ್ತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಜೋಲಿಗೆಂದು ಪೇಟೆಯಿಂದ ಸ್ಪ್ರಿಂಗ್ ತಂದ. ತೊಲೆಯ ಕೊಂಡಿಗೆ ಅದನ್ನು ಸಿಕ್ಕಿಸಿ, ಅಮ್ಮನ ಹಳೆಯ ಸೀರೆ ಕಟ್ಟಿ, ಮೊದಲು ಅಕ್ಕಿಯ ಚೀಲ ಮಲಗಿಸಿ ನೋಡಿದ. ಒಂದು ಕೆಜಿಗೆ ಸ್ಪ್ರಿಂಗ್ ನಾಲ್ಕು ಬೆರಳು ಹಿಗ್ಗಿತು, ಎರಡು ಕೆಜಿಗೆ ಎಂಟು. ಚೀಲ ತೆಗೆದರೆ ಮೊದಲಿದ್ದಲ್ಲಿಗೇ ಹೋಗಿ ನಿಂತಿತು. ನಾನೂ ಹತ್ತಲು ಹೋದೆ. ಅಪ್ಪ ತಡೆದ.

“ನೀ ಕೂಡಬ್ಯಾಡ. ಭಾಳ ಎಳೆದ್ರೆ ಅದು ಮತ್ತೆ ಮೊದಲಿನಂಗೆ ಆಗಂಗಿಲ್ಲ.”

ನಮ್ಮ ಗೋಡೆಗೆ ಸೊಂಟದೆತ್ತರಕ್ಕೆ ಹಸಿರು ಬಣ್ಣ, ಅಲ್ಲಿಂದ ಮೇಲಕ್ಕೆ ಸುಣ್ಣ. ಗಿರಿಜಾ ಮಲಗಿದ ಮೊದಲ ದಿನ ಜೋಲಿಯ ತಳ ಹಸಿರಿನ ಅಂಚಿಗಿಂತ ಎಷ್ಟೋ ಮೇಲಿತ್ತು. ಶಾಲೆಯಿಂದ ಬಂದು ತೂಗುವ ಕೆಲಸ ನನ್ನದು. ತೂಗಾಟ ನಿಂತ ಮೇಲೆ ಅಮ್ಮ ಒಂದು ಸಲ ಗೋಡೆಯ ಕಡೆ ನೋಡುವಳು. ವಾರಗಳು ಕಳೆದಂತೆ ಜೋಲಿ ಇಳಿದು ಅಂಚನ್ನು ಮುಟ್ಟಿತು. ಆ ಸಂಜೆ ಅಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮಿರ್ಚಿ ಕರಿದು ಓಣಿಗೆಲ್ಲ ಹಂಚಿದಳು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

ಆಮೇಲೆ ಕೂಸಿಗೆ ಭೇದಿ ಹತ್ತಿತು. ಎಳೆ ಮಕ್ಕಳಿಗೆ ಇದ್ದದ್ದೇ ಎಂದರು ಬಂದವರು. ಮಾರನೆಯ ಬೆಳಿಗ್ಗೆ ಅಮ್ಮ ಅಪ್ಪನನ್ನು ಕರೆದಳು.

“ಜೋಲಿ ಮ್ಯಾಲೆ ಹೋಗೈತೆ, ನೋಡ್ರಿ.”

ಗಂಟು ಸರಿದಿರಬೇಕು ಎಂದ ಅಪ್ಪ.

“ಗಂಟು ಸರಿದ್ರೆ ಕೆಳಗೆ ಬರ್ತಿತ್ತು. ಅಕ್ಕಿ ಇಟ್ಟು ನೋಡ್ರಿ.”

ಅಮ್ಮ ಕೂಸನ್ನು ಎತ್ತಿಕೊಂಡಳು. ಅಪ್ಪ ಚೀಲ ಇಟ್ಟು ಅಳೆದ. ಅದೇ ನಾಲ್ಕು ಬೆರಳು. ಸ್ಪ್ರಿಂಗ್ ಇದ್ದಂತೆಯೇ ಇತ್ತು, ಹಗುರವಾಗಿದ್ದದ್ದು ಗಿರಿಜಾ. ಅಪ್ಪ ಚಪ್ಪಲಿ ಮೆಟ್ಟಿದ. ಇಬ್ಬರೂ ದಾವಣಗೆರೆಯ ಬಸ್ಸು ಹಿಡಿದರು.

ಪಕ್ಕದ ಮನೆಯ ನೀಲಮ್ಮತ್ತೆ ನನ್ನನ್ನು ಕೂಡಿಸಿಕೊಂಡು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ನಾನು ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟೆ. ಅತ್ತೆ ತುತ್ತು ಮಾಡಿ ಬಾಯಿಗಿಟ್ಟರು.

ಮೈಯ ನೀರೆಲ್ಲ ಆರಿತ್ತು, ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಕೆಲವು ದಿನಗಳಲ್ಲಿ ಗಿರಿಜಾ ಮನೆಗೆ ಬಂದಳು. ದೀಪಾವಳಿ ಹೊತ್ತಿಗೆ ಜೋಲಿ ಹಸಿರಿನೊಳಗೆ ಇಳಿದಿತ್ತು. ಮುಂದೆ ಅದು ನೀಲಮ್ಮತ್ತೆಯ ಮೊಮ್ಮಗನನ್ನು ತೂಗಿತು, ಆಮೇಲೆ ಇನ್ಯಾರನ್ನೋ.

ಅಮ್ಮ ಹೋಗಿ ಕೆಲವು ವರ್ಷಗಳಾದವು. ಈಗ ನನ್ನ ಮನೆಯಲ್ಲಿ ತೂಕದ ಯಂತ್ರವಿದೆ, ದಿನವೂ ಅಂಕಿ ತೋರಿಸುತ್ತದೆ. ನೋಡಿ ಗಾಬರಿಯಾಗುವವರಿಲ್ಲ. ಮೊನ್ನೆ ಜ್ವರದಿಂದ ಎದ್ದು, ಯಾರಿಗೂ ಹೇಳದೆ ಹರಿಹರಕ್ಕೆ ಹೋಗಿದ್ದೆ. ಬಾಗಿಲು ತೆರೆದ ಗಿರಿಜಾ ಬಾ ಎನ್ನಲಿಲ್ಲ. ನನ್ನ ರಟ್ಟೆಗೆ ಕೈ ಹಾಕಿ ಒತ್ತಿ ನೋಡಿದಳು.

“ಯಾಕ ಅಕ್ಕಾ, ಸೊರಗೀಯಲ್ಲ?” ಎಂದವಳು ಹಾಲು ಕಾಯಿಸಲು ಒಳಗೆ ನಡೆದಳು.