ಅತ್ತೆಯ ಮೆಣಸಿನಕಾಯಿ, ಆಕಳಿನ ಬೆದೆ

ಮಡ್ಕಯಿ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಆಕಳಿತ್ತು. ಮೂರು ವಾರಕ್ಕೊಮ್ಮೆ ಅದು ಮೇವು ಬಿಟ್ಟು ದಿನವಿಡೀ ಕೂಗುತ್ತಿತ್ತು. "ಯಾರದೋ ನೆದರ ಬಿದ್ದೈತಿ," ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ನಾವೆಲ್ಲ ಕೆಮ್ಮುತ್ತಿದ್ದೆವು, ಮರುದಿನ ಆಕಳು ಸುಮ್ಮನಾಗುತ್ತಿತ್ತು. ಅತ್ತೆಯ ಕೈಗುಣ ಓಣಿಯಲ್ಲೆಲ್ಲ ಹೆಸರಾಯಿತು.

ಹೀಗೇ ತಿಂಗಳುಗಳು ಉರುಳಿ ಹಾಲು ಬತ್ತಿತು. ಆಕಳು ಮತ್ತೆ ಕೂಗಿದ ದಿನ ನಾನು ಸಿಟ್ಟಿನಿಂದ ದನದ ಡಾಕ್ಟರನ್ನೇ ಕರೆಸಿದೆ. ಧಾರವಾಡ ಕಡೆಯವರು, ನೋಡಿದವರೇ ನಕ್ಕರು. "ಅಮ್ಮಾರ, ಆಕಳು ಬೆದಿಗೆ ಬಂದು ಹೋರಿ ಕೇಳಾಕತ್ತೈತಿ, ನೀವು ಮೆಣಸಿನಕಾಯಿ ಸುಡಾಕತ್ತೀರಿ!" ಕೃತಕ ಗರ್ಭಧಾರಣೆ ಮಾಡಿ ಹೋದರು.

ಆಕಳು ಗಬ್ಬಾಯಿತು, ಕೂಗು ನಿಂತಿತು. ಅತ್ತೆ ಸೆರಗು ಸರಿಮಾಡಿಕೊಂಡು ಓಣಿಯವರಿಗೆ ಹೇಳಿದರು: "ಡಾಕ್ಟರ್ ಹೋದ ಮ್ಯಾಲೆ ನಾ ಇನ್ನೊಮ್ಮಿ ನಿವಾಳಿಸಿದ್ದೆ. ಅದಕ್ಕ ಗಬ್ಬ ನಿಂತೈತಿ ನೋಡ್ರಿ."